ಮನೆಯ ಮಾತು: ನೌಕಾದಳದಲ್ಲಿದ್ದ ನಮ್ಮ ತಂದೆಯವರು



ಹಿರಿಯರನ್ನು ನೆನೆಯುವುದಕ್ಕೆಂದು ನಮ್ಮಲ್ಲಿ ಮಹಾಲಯದ ಪಕ್ಷವೊಂದು ಗೊತ್ತಾಗಿದೆ. ಆ ದಿನ ಎಡೆಯಿಟ್ಟು, ಹೆಸರು ಹೇಳಿ, ಕಾಗೆಗೆ ಅನ್ನ ಹಾಕಿದರೆ ಮಕ್ಕಳ ಋಣ ತೀರಿತೆಂದು ನಾವು ಸಮಾಧಾನ ತಾಳುತ್ತೇವೆ. ಆದರೆ ಆ ಹೆಸರನ್ನು ಹೊತ್ತಿದ್ದ ಮನುಷ್ಯನು ಏನು ಕಂಡನು, ಯಾವುದಕ್ಕೆ ಅಂಜಿದನು, ಯಾವ ಮಾತನ್ನು ಆಡದೆ ನುಂಗಿಕೊಂಡನು ಎಂಬುದು ಮಕ್ಕಳಿಗೆ ತಿಳಿದಿರುವ ಮನೆಗಳು ಎಷ್ಟಿವೆ? ನಮ್ಮ ಮನೆಯಂತೂ ಅಂಥ ಮನೆಯಾಗಿರಲಿಲ್ಲ. ಈ ತಿಂಗಳ ಮಾತು ಆ ಕೊರತೆಯನ್ನು ಕುರಿತದ್ದು.

ನಮ್ಮೂರು ಕಲಬುರಗಿ ಸೀಮೆಯ ಕೊಡ್ಲಿ. ತೊಗರಿಯ ನೆಲ, ಜೋಳದ ನೆಲ. ಬಿಸಿಲಿಗೆ ಹೆಸರಾದ ನಾಡು. ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಮೈಲಿ ದೂರ. ಶಹಾಬಾದ, ಸೇಡಂಗಳ ಸುತ್ತ ನೆಲದಿಂದ ಹಾಸುಹಾಸಾಗಿ ಎದ್ದು ಬರುವ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿದ್ದೆಂದು ಭೂಶಾಸ್ತ್ರಜ್ಞರು ಹೇಳುತ್ತಾರೆ. ಆ ಕಲ್ಲನ್ನು ಹಾಸಿ ಅದರ ಮೇಲೆ ಮಲಗುವ ನಮ್ಮ ಜನಕ್ಕೆ ಕಡಲಿನ ಸಂಬಂಧವೆಂದರೆ ಅಷ್ಟೇ. ಇಂಥ ಊರಿನಿಂದ ನಮ್ಮ ತಂದೆಯವರು 1956ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ನೌಕಾದಳವನ್ನು ಸೇರಿದರು.

ಅವರು ಹುಟ್ಟಿದಾಗ ನಮ್ಮದು ನಿಜಾಮರ ಸಂಸ್ಥಾನ. ಶಾಲೆಯಲ್ಲಿ ಕಲಿತದ್ದು ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿದಾಗ ಅವರಿಗೆ ಹತ್ತು ವರ್ಷ. ಆ ವರ್ಷದ ರಜಾಕಾರರ ಹಾವಳಿಯಲ್ಲಿ ಹೊಲ ಬಿಟ್ಟು ಓಡಿದ ಮನೆಗಳಲ್ಲಿ ನಮ್ಮದೂ ಒಂದು. ಬಳಿಕ ಮರಳಿ ಬಂದರೂ ಎತ್ತು ಉಳಿದಿರಲಿಲ್ಲ, ಬೀಜವೂ ಉಳಿದಿರಲಿಲ್ಲ. ಅಣ್ಣತಮ್ಮಂದಿರು ನಾಲ್ವರಿಗೆ ಸಾಲುವಷ್ಟು ಹೊಲವಿಲ್ಲದ್ದರಿಂದ ಒಬ್ಬನು ಹೊರಗೆ ಹೋಗಲೇಬೇಕಾಯಿತು. ದೇಶಸೇವೆಯ ಹಂಬಲದಿಂದ ಅವರು ಹೋದರೆಂದು ಬರೆದರೆ ಓದುವುದಕ್ಕೆ ಸೊಗಸಾದೀತು. ಆದರೆ ಅದು ಸುಳ್ಳು. ಅವರು ಹೋದದ್ದು ರೊಟ್ಟಿಗಾಗಿ. ಸೇವೆಯ ಅರ್ಥ ಅವರಿಗೆ ಹೋದಮೇಲೆ ತಿಳಿಯಿತು.

ವಿಶಾಖಪಟ್ಟಣದಲ್ಲಿ ಮೊದಲ ತರಬೇತಿ, ಕೊಚ್ಚಿಯಲ್ಲಿ ಸಂಕೇತವಿದ್ಯೆಯ ತರಬೇತಿ. ಹಡಗಿನಿಂದ ಹಡಗಿಗೆ ಬಾವುಟಗಳಿಂದಲೂ ಮಿಣುಕುವ ದೀಪದಿಂದಲೂ ಸುದ್ದಿ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂತು. ಒಂದೊಂದು ಬಣ್ಣದ ಬಾವುಟಕ್ಕೆ ಒಂದೊಂದು ಅಕ್ಷರ, ಒಂದೊಂದು ಅರ್ಥ. ನೀಲಿಯ ನಡುವೆ ಬಿಳಿಯ ಚೌಕವಿರುವ ಬಾವುಟ ಬಂದರಿನಲ್ಲಿ ಏರಿತೆಂದರೆ ಹಡಗು ಹೊರಡಲಿದೆ, ಎಲ್ಲರೂ ಬಂದು ಹತ್ತಬೇಕು ಎಂದರ್ಥ. ನಾನು ಕಾಲೇಜಿಗೆಂದು ಕಲಬುರಗಿಗೆ ಹೊರಟ ದಿನ ತಂದೆಯವರು ಅವ್ವನ ಹಳೆಯ ನೀಲಿ ಸೀರೆಯ ತುಂಡಿಗೆ ಬಿಳಿಯ ಚೌಕ ಹೊಲಿದು ಬಾಗಿಲ ಮೇಲೆ ಕಟ್ಟಿದ್ದರು. ನಾನು ಅದನ್ನು ಕಂಡು, ಜನ ನಕ್ಕಾರೆಂದು ನಾಚಿ, ಕಿತ್ತು ಒಳಗಿಟ್ಟೆನು. ಅವರು ಏನನ್ನೂ ಹೇಳಲಿಲ್ಲ.

ಅವರು ಹೆಚ್ಚು ಕಾಲ ಇದ್ದ ಹಡಗಿನ ಹೆಸರು 'ಮೈಸೂರು'. ಇದರ ಕಥೆ ವಾಚಕರಿಗೆ ರುಚಿಸೀತು. ಇದು ಇಂಗ್ಲೆಂಡಿನಲ್ಲಿ ಕಟ್ಟಿದ ಯುದ್ಧನೌಕೆ. 1939ರಲ್ಲಿ ನೀರಿಗಿಳಿದಾಗ ಇದರ ಹೆಸರು 'ನೈಜೀರಿಯಾ'. ಎರಡನೆಯ ಮಹಾಯುದ್ಧದಲ್ಲಿ, 1942ರ ಆಗಸ್ಟಿನಲ್ಲಿ, ಮಾಲ್ಟಾ ದ್ವೀಪಕ್ಕೆ ಸಾಮಗ್ರಿಯನ್ನು ಒಯ್ಯುತ್ತಿದ್ದ ಹಡಗುಗಳ ಕಾವಲಿನಲ್ಲಿದ್ದಾಗ ಟಾರ್ಪೆಡೋದ ಪೆಟ್ಟು ತಿಂದು ಬದುಕಿತು. ಭಾರತ ಸರಕಾರದವರು 1954ರಲ್ಲಿ ಅದನ್ನು ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು 'ಮೈಸೂರು' ಎಂಬ ಹೆಸರಿನಿಂದ ನಮ್ಮ ದಳಕ್ಕೆ ಸೇರಿಸಿದರು. 550 ಅಡಿಗೂ ಮಿಕ್ಕ ಉದ್ದ, ಆರಂಗುಲ ಬಾಯಿಯ 9 ಫಿರಂಗಿಗಳು, ಲಾಂಛನ ಗಂಡಭೇರುಂಡ. ಅದರ ಧ್ಯೇಯವಾಕ್ಯವನ್ನು ತೈತ್ತಿರೀಯೋಪನಿಷತ್ತಿನಿಂದ ಆಯ್ದಿದ್ದರು; ಎಂದಿಗೂ ಅಂಜುವುದಿಲ್ಲವೆಂದು ಅದರ ಭಾವ.

ನಮ್ಮ ಕಲಬುರಗಿಯಾದರೋ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ನಮ್ಮ ನೆಲಕ್ಕೂ ಆ ಹಡಗಿಗೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಹೆಸರು ಬಂತು. ಜೊತೆಯವರು ತಂದೆಯವರನ್ನು 'ಮೈಸೂರಿನವ' ಎಂದು ಕರೆಯುತ್ತಿದ್ದರಂತೆ. ಮೈಸೂರು ನಗರ ಕೊಡ್ಲಿಯಿಂದ ಏಳುನೂರು ಕಿಲೋಮೀಟರಿಗೂ ಆಚೆ. ಅವರು ಅದನ್ನು ಬದುಕಿನಲ್ಲಿ ಒಮ್ಮೆಯೂ ಕಾಣಲಿಲ್ಲ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಹಡಗು ಮಾತ್ರ 1985ರಲ್ಲಿ ನಿವೃತ್ತಿಯಾಗುವವರೆಗೆ ಹಳೆಯ ಹೆಸರನ್ನೇ ಹೊತ್ತಿತ್ತು. ಅದೇ ಹೆಸರಿನ ಮತ್ತೊಂದು ನೌಕೆ 1999ರಲ್ಲಿ ದಳವನ್ನು ಸೇರಿತು.

ವರ್ಷಕ್ಕೊಮ್ಮೆ ಅವರು ರಜೆಯಲ್ಲಿ ಬರುವರು. ಮುಂಬಯಿಯ ರೈಲು ವಾಡಿಗೆ. ಅಲ್ಲಿ ಸಿಕಂದರಾಬಾದಿನ ಗಾಡಿಗೆ ಬದಲಿಸಿ ಸೇಡಂಗೆ. ಅಲ್ಲಿಂದ ಸಿಕ್ಕ ವಾಹನದಲ್ಲಿ ಊರಿಗೆ. ಉಳಿದ ಹತ್ತು ತಿಂಗಳು ಕಾಗದಗಳದೇ ಆಧಾರ. ನಮ್ಮ ಆಯಿಗೆ, ಎಂದರೆ ತಂದೆಯವರ ತಾಯಿಗೆ, ಓದು ಬರದು. ಶಾಲೆಯ ಮಾಸ್ತರರನ್ನು ಕರೆಸಿ, ಕಟ್ಟೆಯ ಮೇಲೆ ಕುಳ್ಳಿರಿಸಿ, ಕಾಗದವನ್ನು ಎರಡು ಸಲ ಓದಿಸುವಳು. ಎಲ್ಲ ಕಾಗದಗಳೂ ಒಂದೇ ಬಗೆ: ನಾನು ಕ್ಷೇಮ, ಹಣ ಕಳಿಸಿದ್ದೇನೆ, ಮಳೆ ಹೇಗಿದೆ, ಕೆಂಪು ಆಕಳು ಈಯಿತೇ. ಕಡಲಿನ ಮಾತು ಒಂದೂ ಇಲ್ಲ. ಮಾಸ್ತರರು ಮುಗಿಸಿದಮೇಲೆ ಆಯಿ ಕೇಳುವಳು: "ನೀರಾಗ ಇರ್ತಾನಲ್ರಿ, ನೀರಿನ ಸುದ್ದಿ ಏನೂ ಬರ್ದಿಲ್ಲೇನ್ರಿ?" ಮಾಸ್ತರರು ಕಾಗದವನ್ನು ಮಗುಚಿ ನೋಡಿ, "ಇಲ್ಲವ್ವಾ" ಎನ್ನುವರು.

ಬರೆಯದಿದ್ದ ಸುದ್ದಿಗಳಲ್ಲಿ ಒಂದು 1961ರ ಡಿಸೆಂಬರಿನದು. ಗೋವೆ ಆಗ ಪೋರ್ತುಗೀಸರ ಕೈಯಲ್ಲಿತ್ತು. ಕಾರವಾರದ ಬಿಣಗಾ ದಂಡೆಯ ಎದುರಿಗೆ, ನಮ್ಮ ನೆಲಕ್ಕೆ ಕೂಗಳತೆಯಂತಿರುವ ಅಂಜದೀವ್ ದ್ವೀಪವೂ ಅವರದೇ. ಆ ನವೆಂಬರಿನಲ್ಲಿ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಮೀನುಗಾರರೂ ಗುಂಡಿಗೆ ಗುರಿಯಾದರು. ಡಿಸೆಂಬರ್ 18ರಂದು ಗೋವೆಯ ಕಡೆಗೆ ಸೇನೆ ನಡೆದಾಗ ಈ ದ್ವೀಪವನ್ನು ವಶಪಡಿಸಿಕೊಳ್ಳುವ ಕೆಲಸವನ್ನು 'ಮೈಸೂರು' ಮತ್ತು 'ತ್ರಿಶೂಲ' ಎಂಬ ಎರಡು ಹಡಗುಗಳಿಗೆ ವಹಿಸಲಾಯಿತು. ಲೆಫ್ಟಿನೆಂಟ್ ಅರುಣ್ ಆಡಿಟ್ಟೋ ಎಂಬ ಅಧಿಕಾರಿಯ ಕೈಕೆಳಗೆ ನಾವಿಕರ ತುಕಡಿಯು ದೋಣಿಗಳಲ್ಲಿ ದಂಡೆಯತ್ತ ಸಾಗಿತು. ದ್ವೀಪದಲ್ಲಿ ಬಿಳಿಯ ಬಾವುಟ ಕಂಡಿತು. ಅದನ್ನು ನಂಬಿ ನಮ್ಮವರು ಮುಂದುವರಿದಾಗ ಅಲ್ಲಿಂದ ಗುಂಡಿನ ಮಳೆ ಸುರಿಯಿತು ಎಂಬುದು ನಮ್ಮ ಕಡೆಯ ವೃತ್ತಾಂತ. 7 ಮಂದಿ ನಾವಿಕರು ಮಡಿದರು. 19 ಮಂದಿ ಗಾಯಗೊಂಡರು. ಹಡಗುಗಳ ಫಿರಂಗಿಗಳು ಮತ್ತೆ ಮೊಳಗಿದಮೇಲೆ, ಮರುದಿನ 19ರ ಮಧ್ಯಾಹ್ನದ ಹೊತ್ತಿಗೆ ದ್ವೀಪ ಕೈವಶವಾಯಿತು. ಕರ್ನಾಟಕದ ದಂಡೆಯ ಕಣ್ಣೆದುರಿಗೆ ನಡೆದ ಈ ಸಂಗತಿಯನ್ನು ಗೋವೆಯ ವಿಮೋಚನೆಯನ್ನು ಹೇಳುವವರಲ್ಲಿಯೂ ಅನೇಕರು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ತಂದೆಯವರು ಆ ದಿನ 'ಮೈಸೂರು' ಹಡಗಿನ ಮೇಲ್ಗಟ್ಟಿನಲ್ಲಿ ದೂರದರ್ಶಕವನ್ನು ಹಿಡಿದು ನಿಂತಿದ್ದರು. ಇದನ್ನು ಅವರು ನನಗೆ ಹೇಳಿದ್ದು ಬದುಕಿನಲ್ಲಿ ಒಂದೇ ಸಲ. ಅದೂ ಎಳ್ಳಾಮವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ, ಗಂಡಸರೆಲ್ಲ ಮರದ ಕೆಳಗೆ ಒರಗಿದ್ದಾಗ. ಮಾತು ಹೇಗೋ ಆ ಕಡೆಗೆ ಹೊರಳಿತು. "ಬಾವುಟ ಓದೂದೇ ನನ್ನ ಕಸಬು ತಮ್ಮಾ. ನಾ ಕಣ್ಣಾರೆ ಕಂಡೀನಿ, ಬಿಳೇದು. ಬಾವುಟ ಸುಳ್ಳು ಹೇಳಬಾರ್ದು" ಎಂದರು. ಅಷ್ಟೇ. ಎದ್ದುಹೋಗಿ ಎತ್ತುಗಳಿಗೆ ಸೊಪ್ಪೆ ಹಾಕಿದರು. ನನಗೆ ಆಗ ಇಪ್ಪತ್ತು ವರ್ಷ. ಮುಂದೇನಾಯಿತೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ.

1971ರ ಯುದ್ಧದಲ್ಲಿ ಅವರು ಮುಂಬಯಿಯ ದಂಡೆಯ ಕೆಲಸದಲ್ಲಿದ್ದರು. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿದೋಣಿಗಳು ಕರಾಚಿಯ ಮೇಲೆ ಎರಗಿದವು. ಆ ದಿನವನ್ನೇ ಈಗ ನೌಕಾದಿನವೆಂದು ಆಚರಿಸುತ್ತಾರೆ. ಐದು ದಿನಗಳ ತರುವಾಯ, 9ರ ರಾತ್ರಿ, 'ಖುಕ್ರಿ' ಎಂಬ ಹಡಗು ದೀವ್ ಬಳಿ ಶತ್ರುವಿನ ಜಲಾಂತರ್ಗಾಮಿಯ ಪೆಟ್ಟಿಗೆ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಹೋದರು. ಕಪ್ತಾನರಾದ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಡದೆ ಅದರೊಡನೆಯೇ ಇಳಿದರು. ನಮ್ಮ ಮನೆಯಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಎರಡು ರಾತ್ರಿ ತಂದೆಯವರು ಊಟ ಮಾಡುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲವೆನ್ನುವರು. ಅವ್ವ ಅದನ್ನು ನಂಬಿ ಓಮಿನ ಕಷಾಯವನ್ನು ಮಾಡಿ ಕೊಡುವಳು, ಅವರು ಕುಡಿಯುವರು. ಆ ರಾತ್ರಿಗಳು 9 ಮತ್ತು 18 ಎಂಬುದನ್ನು ನಾನು ಕೂಡಿಸಿ ನೋಡಿದ್ದು ಅವರು ಹೋದ ಬಳಿಕ.

1972ರಲ್ಲಿ, ಹದಿನಾರು ವರ್ಷದ ಸೇವೆ ಮುಗಿಸಿ ಅವರು ಊರಿಗೆ ಬಂದರು. ಬಂದದ್ದು ಬರಗಾಲಕ್ಕೆ. ನಮ್ಮ ಕಡೆಯ ಹಿರಿಯರಿಗೆ ಎಪ್ಪತ್ತೆರಡರ ಬರವೆಂದರೆ ಬೇರೆ ವಿವರಣೆ ಬೇಡ. ಬಾವಿಗಳು ಬತ್ತಿದವು, ದನಗಳನ್ನು ಬಂದ ಬೆಲೆಗೆ ಕೊಟ್ಟರು. ಸುತ್ತಲೂ ನೀರೇ ಇದ್ದರೂ ಕುಡಿಯುವ ನೀರನ್ನು ಅಳೆದು ಕೊಡುವ ಹಡಗಿನ ಶಿಸ್ತು ಆಗ ನಮ್ಮ ಮನೆಗೆ ಬಂತು. ಒಂದು ಹಿತ್ತಾಳೆಯ ತಂಬಿಗೆ; ಅದರಿಂದ ಆಳಿಗಿಷ್ಟು, ಕರುವಿಗಿಷ್ಟು. ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಆಯಿಯ ಪಾಲನ್ನು ಮೊದಲು ತುಂಬಿ, ತಮ್ಮದನ್ನು ಕೊನೆಗೆ ತುಂಬುವರು. ನಾನು ಆರು ವರ್ಷದವನು. ಒಂದು ದಿನ ಕದ್ದು ಒಂದು ಲೋಟ ಹೆಚ್ಚು ಕುಡಿದೆನು. ಅವರು ತಂಬಿಗೆಯೊಳಗೆ ನೋಡಿ, ನನ್ನನ್ನು ನೋಡಿ, ಸುಮ್ಮನಾದರು. ಆ ಸಂಜೆ ಅವರು ನೀರು ಕುಡಿಯಲಿಲ್ಲ. ಏಟು ಕೊಟ್ಟಿದ್ದರೆ ನಾನು ಮರೆತೇನು, ಅದನ್ನು ಮರೆಯಲಾರೆನು.

ಕಡಲಿನಿಂದ ಅವರು ತಂದದ್ದು ಹಣವಲ್ಲ, ಕೆಲವು ಅಭ್ಯಾಸಗಳು. ಹಡಗಿನಲ್ಲಿ ದಿನವನ್ನು ಕಾವಲಿನ ಸರದಿಗಳಾಗಿ ಹಂಚುತ್ತಾರೆ. ಒಂದೊಂದು ನಾಲ್ಕು ತಾಸಿನದು. ಸಂಜೆಯ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡೆರಡು ತಾಸಿನ ಎರಡು ಸರದಿಗಳಾಗಿ ಒಡೆಯುತ್ತಾರೆ. ಇದರಿಂದ ದಿನಕ್ಕೆ ಆರರ ಬದಲು ಏಳು ಸರದಿಗಳಾಗಿ, ಒಬ್ಬನಿಗೇ ನಿತ್ಯವೂ ನಡುರಾತ್ರಿಯ ನಿದ್ದೆಗೇಡು ಬರುವುದಿಲ್ಲ. ಜೋಳ ಹಾಲುದುಂಬಿದಾಗ ಹಕ್ಕಿ, ಹಂದಿ, ಕಳ್ಳರನ್ನು ಕಾಯಲು ನಮ್ಮ ಹೊಲದಲ್ಲಿ ಅವರು ಇದೇ ಕ್ರಮವನ್ನು ಹಾಕಿದರು. ಮೊದಲು ಎಲ್ಲ ಕಷ್ಟವೂ ಕಿರಿಯ ಚಿಕ್ಕಪ್ಪನ ತಲೆಗೆ ಬರುತ್ತಿತ್ತು. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಆ ವಿಷಯವಾಗಿ ಜಗಳವಿಲ್ಲದಾಯಿತು. ಕುಣಿಕೆಯೊಳಗೆ ತುದಿ ತೂರಿಸಿ, ಹಗ್ಗವನ್ನು ಬಳಸಿ, ಮರಳಿ ಕುಣಿಕೆಗೇ ಇಳಿಸುವ ನಾವಿಕರ ಗಂಟೊಂದಿದೆ. ಎಷ್ಟು ಜಗ್ಗಿದರೂ ಅದರ ಸುತ್ತು ಬಿಗಿಯುವುದಿಲ್ಲ, ಬೇಕೆಂದಾಗ ಬೆರಳಿನಿಂದ ಬಿಚ್ಚಬಹುದು. ಕರುವಿನ ಕೊರಳಿಗೆ ಅವರು ಹಾಕುತ್ತಿದ್ದುದು ಆ ಗಂಟು. ಜಗ್ಗಾಡಿ ಉರುಲಾಗಿ ಸತ್ತ ಕರು ನಮ್ಮ ಕೊಟ್ಟಿಗೆಯಲ್ಲಿಲ್ಲ. ನೆರೆಯವರೂ ಅದನ್ನು ಕಲಿತರು. ಅವರಲ್ಲಿ ಯಾರಿಗೂ ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ. 'ನೇವಿ ಗಂಟು' ಎನ್ನುತ್ತಾರೆ.

ಈಗ ನನ್ನ ತಪ್ಪನ್ನು ಹೇಳಬೇಕು. ಅರವತ್ತು ದಾಟಿದಮೇಲೆ ತಂದೆಯವರು ಒಂದನ್ನು ಕೇಳಿದರು. ಬದುಕಿನಲ್ಲಿ ನನ್ನನ್ನು ಅವರು ಕೇಳಿದ್ದು ಅದೊಂದೇ. "ಕಾರವಾರಕ್ಕ ಒಮ್ಮೆ ಹೋಗಿ ಬರೂಣು." ನಾನು ನೌಕರಿಯಲ್ಲಿದ್ದೆ. ಬರುವ ಬೇಸಗೆಯ ರಜೆಯಲ್ಲಿ ಹೋಗೋಣವೆಂದೆ. ಬೇಸಗೆ ಬಂದಾಗ ಮಗಳ ಪರೀಕ್ಷೆ. ಮುಂದಿನ ವರ್ಷ ಮನೆಯ ಕಟ್ಟಡ. ಅದರ ಮುಂದೆ ಮತ್ತೊಂದು. ಪ್ರತಿ ಸಲವೂ "ಹೂಂ, ಹೋಗೋಣು" ಎಂದೆ. ಒಮ್ಮೆಯೂ "ಆಗಲಿಕ್ಕಿಲ್ಲ" ಎನ್ನಲಿಲ್ಲ. ಆಗದೆಂದಿದ್ದರೆ ಅವರು ಒಬ್ಬರೇ ರೈಲು ಹತ್ತಿ ಹೋಗುತ್ತಿದ್ದರು. ಹದಿನಾರು ವರ್ಷ ಒಬ್ಬರೇ ತಿರುಗಿದವರಿಗೆ ಅದೇನು ಕಷ್ಟ? ನನ್ನ ಮಾತನ್ನು ನಂಬಿ ಕಾದರು. ಹೀಗೆ ಎಂಟು ವರ್ಷ. 2009ರ ಮಳೆಗಾಲದಲ್ಲಿ, ಮೂರು ದಿನದ ಜ್ವರದಲ್ಲಿ, ಅವರು ಹೋದರು.

ಆಮೇಲೆ ಅವರ ತಗಡಿನ ಪೆಟ್ಟಿಗೆಯನ್ನು ತೆರೆದೆವು. ಸೇವೆಯ ಪ್ರಮಾಣಪತ್ರ, ಹೆಸರು ಬರೆಯದ ನಾಲ್ಕು ಚಿತ್ರಗಳು, ಒಂದು ಪದಕ. ಪದಕದ ಪಟ್ಟಿಯ ಮೇಲಿನ ಲೋಹದ ತುಂಡಿನಲ್ಲಿ 'ಗೋವಾ 1961' ಎಂದು ಕೊರೆದಿತ್ತು. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅವರ ಅಂಕಿ, ಅವರ ಹೆಸರು. ಕೆಳಗೆ, ಮಡಿಸಿ ಇಟ್ಟಿದ್ದ ಒಂದು ಬಟ್ಟೆ. ಬಿಚ್ಚಿ ನೋಡಿದೆನು: ನೀಲಿ ಸೀರೆಯ ತುಂಡು, ನಡುವೆ ಬಿಳಿಯ ಚೌಕ. ನಾನು ಕಿತ್ತಿಟ್ಟ ಬಾವುಟವನ್ನು ಅವರು ಇಪ್ಪತ್ತೈದು ವರ್ಷ ಕಾಪಾಡಿದ್ದರು.

ಆ ವರ್ಷದ ಡಿಸೆಂಬರಿನಲ್ಲಿ ನಾನು ಕಾರವಾರಕ್ಕೆ ಹೋದೆನು. ಅಲ್ಲಿ ಈಗ ದೊಡ್ಡ ನೌಕಾನೆಲೆ ಬೆಳೆದಿದೆ. 1986ರಲ್ಲಿ ಅಡಿಗಲ್ಲು ಬಿದ್ದು, 2005ರ ಮೇ 31ರಂದು 'ಕದಂಬ' ಎಂಬ ಹೆಸರಿನಿಂದ ಅದು ಸೇವೆಗೆ ತೆರೆಯಿತು. ಅದಕ್ಕಾಗಿ ತಲೆಮಾರುಗಳ ಮನೆ, ತೋಟ, ಮೀನಿನ ದಂಡೆಗಳನ್ನು ಬಿಟ್ಟು ಎದ್ದ ಕುಟುಂಬಗಳನ್ನೂ ಇಲ್ಲಿ ನೆನೆಯಬೇಕು, ಅವರದೂ ಸೇವೆಯೇ. ಅಂಜದೀವಿಗೆ ಈಗ ದಂಡೆಯಿಂದ ಕಲ್ಲಿನ ಅಲೆತಡೆಯೊಂದು ಹೋಗಿ ಕೂಡಿದೆ; ದ್ವೀಪ ನೆಲೆಯೊಳಗೆ ಸೇರಿದೆ. ಮಡಿದ ಏಳು ಮಂದಿಯ ಸ್ಮಾರಕ ಅಲ್ಲಿದೆ. ಸಾಮಾನ್ಯರು ಮನಬಂದಾಗ ಹೋಗುವಂತಿಲ್ಲ. ಪೇಟೆಯ ಬಳಿಯ ಟಾಗೋರ್ ದಂಡೆಯಲ್ಲಿ 'ಚಪಲ' ಎಂಬ ಹಳೆಯ ಕ್ಷಿಪಣಿದೋಣಿಯನ್ನು ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಅದನ್ನು ಮಕ್ಕಳು ಹತ್ತಿ ಇಳಿಯುತ್ತಿದ್ದರು. ನಾನು ಬಿಣಗಾದ ರಸ್ತೆಯ ಮಗ್ಗುಲಲ್ಲಿ ನಿಂತು ದ್ವೀಪವನ್ನು ನೋಡಿದೆನು. ಹಸುರು ಗುಡ್ಡ, ಕೆಳಗೆ ಕಪ್ಪು ಬಂಡೆ. ಅಷ್ಟು ಹತ್ತಿರ! ದೂರದರ್ಶಕದಲ್ಲಿ ಮನುಷ್ಯರ ಮೋರೆಯೂ ಕಂಡಿರಬೇಕು. ಯಾರನ್ನು ಕಂಡಿರೆಂದು, ಏನೆಂದುಕೊಂಡಿರೆಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಬಾವುಟ ಸುಳ್ಳು ಹೇಳಬಾರದೆಂದು ಅವರು ಹೇಳಿದ ಮಾತು ನನ್ನ ಎಂಟು ವರ್ಷದ 'ಹೂಂ'ಗೂ ಸಲ್ಲುತ್ತದೆಂದು ಅಲ್ಲಿ ನನಗೆ ಹೊಳೆಯಿತು.

ಇದನ್ನು ಬರೆದದ್ದು ನನ್ನ ದುಃಖವನ್ನು ಹಂಚುವುದಕ್ಕಲ್ಲ. ನಮ್ಮ ಸೀಮೆಯಿಂದ ಸೈನ್ಯಕ್ಕೆ, ರೈಲ್ವೆಗೆ, ಗಣಿಗಳಿಗೆ ಹೋಗಿ ಬಂದ ತಂದೆಯರು ಇನ್ನೂ ಅನೇಕ ಮನೆಗಳ ಕಟ್ಟೆಯ ಮೇಲೆ ಕುಳಿತಿದ್ದಾರೆ. ಗೃಹಸ್ಥರಾದ ವಾಚಕರಲ್ಲಿ ನನ್ನ ಅರಿಕೆ ನಾಲ್ಕೇ ಮಾತು. ಮನೆಯಲ್ಲಿರುವ ಹಳೆಯ ಚಿತ್ರಗಳನ್ನು ಹಿರಿಯರ ಮುಂದಿಟ್ಟು, ಯಾರು, ಯಾವ ಊರು, ಯಾವ ಇಸವಿ ಎಂದು ಕೇಳಿ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆಯಿರಿ. ಸೇವೆಯ ಕಾಗದ, ಪಿಂಚಣಿಯ ಆಜ್ಞೆ, ಪದಕಗಳನ್ನು ಒಂದೆಡೆ ಇಟ್ಟು ಆ ಎಡೆಯನ್ನು ತಾಯಿಗೂ ತೋರಿಸಿರಿ. ಕುಟುಂಬದ ಪಿಂಚಣಿಯ ಕಾಲದಲ್ಲಿ ಅಲೆದಾಟ ತಪ್ಪೀತು. ಶೌರ್ಯದ ಕಥೆಯನ್ನೇ ಕೇಳಬೇಡಿರಿ. ಏನು ಉಣ್ಣುತ್ತಿದ್ದಿರಿ, ಎಲ್ಲಿ ಮಲಗುತ್ತಿದ್ದಿರಿ ಎಂದು ಕೇಳಿರಿ. ಉಳಿದದ್ದು ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಒತ್ತಾಯಿಸಬೇಡಿರಿ. ಕಡೆಯದಾಗಿ, ಅವರು ಎಲ್ಲಿಗಾದರೂ ಕರೆದುಕೊಂಡು ಹೋಗೆಂದರೆ, ಆಗುವುದಾದರೆ ದಿನವನ್ನು ಗೊತ್ತುಮಾಡಿರಿ. ಆಗದಿದ್ದರೆ ಆಗದೆಂದು ಹೇಳಿರಿ.

ನಮ್ಮ ಮನೆಯಲ್ಲಿ ಈಗ ಡಿಸೆಂಬರ್ 18ರ ಸಂಜೆ ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚುತ್ತೇವೆ. ಅವ್ವ ಕಷಾಯ ಮಾಡುವುದಿಲ್ಲ. ಏತಕ್ಕೆಂದು ಈಗ ಅವಳಿಗೂ ತಿಳಿದಿದೆ. ನನ್ನ ಮಗಳು ಕಳೆದ ವರ್ಷ ಕೆಲಸಕ್ಕೆಂದು ಪುಣೆಗೆ ಹೊರಟಾಗ ಆ ನೀಲಿಯ ಬಾವುಟವನ್ನು ಬಾಗಿಲ ಮೇಲೆ ನಾನೇ ಕಟ್ಟಿದೆನು. ಅವಳು ಅದನ್ನು ಕೀಳಲಿಲ್ಲ.